ಟೈಲರ್‌ಗಳಿಗೆ ಮಾತು ಕಲಿಸಿದರೆ ಪೀಸ್ ಹೆಚ್ಚು ಬರುತ್ತದೆಯೇ?

ದೊಡ್ಡಬಳ್ಳಾಪುರ ಜಾಬ್‌ವರ್ಕ್

ನಮ್ಮದು ಶರ್ಟ್ ಹೊಲಿಯುವ ಸಣ್ಣ ಘಟಕ. ಮೂರು ಲೈನ್ ಇವೆ, ಅಂದರೆ ಸಾಲಾಗಿ ಕುಳಿತು ಒಬ್ಬೊಬ್ಬರು ಶರ್ಟಿನ ಒಂದೊಂದು ಭಾಗ ಹೊಲಿಯುವ ಮೂರು ತಂಡ. ದೊಡ್ಡ ರಫ್ತು ಕಂಪನಿಗಳು ಬಟ್ಟೆ ಕತ್ತರಿಸಿ ಕಳುಹಿಸುತ್ತವೆ, ನಾವು ಹೊಲಿದು ಕೊಡುತ್ತೇವೆ. ಹೋದ ವಾರ ತರಬೇತಿ ಸಂಸ್ಥೆಯವರೊಬ್ಬರು ಬಂದಿದ್ದರು. ಎರಡು ದಿನದ ಕಾರ್ಯಾಗಾರವಂತೆ. ಸಂವಹನ ಕಲೆ, ತಂಡದ ಮನೋಭಾವ, ಬಲೂನ್ ಆಟ, ಕೊನೆಗೊಂದು ಪ್ರಮಾಣಪತ್ರ. ಅವರು ಹೇಳಿದ ದರಕ್ಕೆ ನನಗೊಂದು ಹಳೆಯ ಬಾರ್‌ಟ್ಯಾಕ್ ಮಷೀನ್ (ಎಳೆತ ಬೀಳುವ ಕಡೆ ಗಟ್ಟಿ ಹೊಲಿಗೆ ಹಾಕುವ ಯಂತ್ರ) ಸಿಗುತ್ತದೆ.

ಮಷೀನ್ ಬಂದರೆ ದಿನಕ್ಕೆ ಎಷ್ಟು ಪೀಸ್ ಹೆಚ್ಚುತ್ತದೆ ಎಂದು ಕುಳಿತಲ್ಲೇ ಹೇಳಬಲ್ಲೆ. ಮಾತು ಕಲಿಸಿದರೆ ಎಷ್ಟು ಹೆಚ್ಚುತ್ತದೆ? "ವಾತಾವರಣ ಸುಧಾರಿಸುತ್ತದೆ" ಎಂಬ ಉತ್ತರ ಬೇಡ, ಅದನ್ನು ಅವರೇ ಹೇಳಿ ಹೋಗಿದ್ದಾರೆ. ಲೆಕ್ಕ ಗೊತ್ತಿದ್ದವರು ಲೆಕ್ಕ ಹೇಳಿ.

ಐಇ ವಿಭಾಗ

ಐಇ, ಅಂದರೆ ಇಂಡಸ್ಟ್ರಿಯಲ್ ಎಂಜಿನಿಯರಿಂಗ್; ಸಮಯ, ಪೀಸ್ ಅಳೆಯುವುದೇ ನಮ್ಮ ಕೆಲಸ. ಲೆಕ್ಕ ಇದೆ ಸರ್, ಅದೂ ಬೆಂಗಳೂರಿನದೇ. ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ್ ನ್ಯಷಾಧಮ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಗಾರ್ಮೆಂಟ್ ರಫ್ತು ಕಂಪನಿ ಶಾಹಿ ಎಕ್ಸ್‌ಪೋರ್ಟ್ಸ್‌ನ ಐದು ಕಾರ್ಖಾನೆಗಳಲ್ಲಿ ಮಾಡಿದ ಪ್ರಯೋಗ. 2023ರಲ್ಲಿ ಜರ್ನಲ್ ಆಫ್ ಪೊಲಿಟಿಕಲ್ ಎಕಾನಮಿಯಲ್ಲಿ ಪ್ರಕಟವಾಯಿತು. ಅಮೆರಿಕದ ಬಟ್ಟೆ ಕಂಪನಿ ಗ್ಯಾಪ್ 2007ರಲ್ಲಿ ಆರಂಭಿಸಿದ 'ಪೇಸ್' ಎಂಬ ತರಬೇತಿಯನ್ನು ಹೊಲಿಯುವ ಹೆಂಗಸರಿಗೆ ಕೊಟ್ಟರು. ಅದರಲ್ಲಿ ಹೊಲಿಗೆಯ ಪಾಠ ಒಂದೂ ಇರಲಿಲ್ಲ. ಮೇಲಿನವರ ಹತ್ತಿರ ಹೇಗೆ ಮಾತನಾಡಬೇಕು, ಸಮಯ ಹೇಗೆ ಹೊಂದಿಸಿಕೊಳ್ಳಬೇಕು, ತೊಂದರೆ ಬಂದಾಗ ಏನು ಮಾಡಬೇಕು, ಇಂಥವು. ಎಂಬತ್ತು ಗಂಟೆಯ ಆಸುಪಾಸಿನ ಪಾಠ, ಒಂದು ವರ್ಷದಷ್ಟು ಕಾಲ ಹರಡಿದ್ದು.

ಸೇರಲು ಹೆಸರು ಕೊಟ್ಟವರ ನಡುವೆಯೇ ಚೀಟಿ ಎತ್ತಿ, ಕೆಲವರಿಗೆ ಕೊಟ್ಟರು, ಕೆಲವರಿಗೆ ಕೊಡಲಿಲ್ಲ. ಹಾಗಾಗಿ "ಚುರುಕಾದವರೇ ಸೇರಿದ್ದರು, ಅದಕ್ಕೇ ಕೆಲಸ ಚೆನ್ನಾಯಿತು" ಎನ್ನುವಂತಿಲ್ಲ. ಇಬ್ಬರೂ ಆಸೆಪಟ್ಟವರೇ.

ಅಳೆದದ್ದು ನಾವು ದಿನವೂ ಅಳೆಯುವ ಎಫಿಷಿಯೆನ್ಸಿಯನ್ನೇ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಒಂದು ಶರ್ಟಿಗೆ ನಿಗದಿಯಾದ ಸಮಯ, ಅಂದರೆ ಎಸ್‌ಎಎಂ, 20 ನಿಮಿಷ ಎಂದುಕೊಳ್ಳಿ. 60 ಜನರ ಲೈನ್ ಎಂಟು ಗಂಟೆ ದುಡಿದರೆ 28,800 ನಿಮಿಷ. ಆ ದಿನ 720 ಶರ್ಟ್ ಹೊರಬಿದ್ದರೆ 14,400 ನಿಮಿಷದ ಕೆಲಸವಾಯಿತು, ಎಫಿಷಿಯೆನ್ಸಿ ಶೇ 50. ಪ್ರಯೋಗದಲ್ಲಿ ತರಬೇತಿ ಪಡೆದವರ ಕೆಲಸ ಪಡೆಯದವರಿಗಿಂತ ಶೇ 13.5ರಷ್ಟು ಹೆಚ್ಚಾಯಿತು. ಅದೇ ಲೈನಿನಲ್ಲಿ ಕುಳಿತಿದ್ದ, ತರಬೇತಿಯೇ ಸಿಗದ ಹೆಂಗಸರ ಕೆಲಸವೂ ಸುಧಾರಿಸಿತು. ತರಬೇತಿ ಪಡೆದವರನ್ನು ಹೆಚ್ಚು ಕಷ್ಟದ ಆಪರೇಷನ್‌ಗಳಿಗೆ ಹಾಕುವುದೂ ಹೆಚ್ಚಾಯಿತು. ತರಬೇತಿ ಮುಗಿದ ಎಂಟು ತಿಂಗಳಿಗೆ ಕಂಪನಿ ಹಾಕಿದ ಹಣದ ಮೇಲೆ ನಿವ್ವಳ ಲಾಭ ಶೇ 250ನ್ನು ಮೀರಿತ್ತು. ನಿಮ್ಮ ಬಾರ್‌ಟ್ಯಾಕ್ ಇಷ್ಟು ಕೊಡುತ್ತದೆಯೇ?

ವೈಟ್‌ಫೀಲ್ಡ್ ಕೋಡುಗಾರ

ಸಾಫ್ಟ್‌ವೇರ್ ಕಡೆಯಿಂದ ಒಂದು ಎಚ್ಚರಿಕೆ. ನಮ್ಮಲ್ಲಿ ಇಂಥ ತರಬೇತಿಗಳಿಗೆ ಲೆಕ್ಕವೇ ಇಲ್ಲ. ಆದರೆ ನಡೆಯುವುದು ಏನೆಂದರೆ, ಇಂಗ್ಲಿಷ್ ನಿರರ್ಗಳವಾಗಿ ಆಡುವವನು ಒಳ್ಳೆಯ ಸಂವಹನಕಾರ ಎನಿಸಿಕೊಳ್ಳುತ್ತಾನೆ, ಹಾಸನದಿಂದಲೋ ರಾಯಚೂರಿನಿಂದಲೋ ಬಂದು ಅಳೆದು ತೂಗಿ ನಾಲ್ಕೇ ಮಾತಾಡುವವನು ಹಿಂದೆ ಬೀಳುತ್ತಾನೆ. ಆ ನಾಲ್ಕು ಮಾತೇ ಸರಿಯಾಗಿರುತ್ತವೆ ಎಂಬುದು ಬೇರೆ ವಿಷಯ. ಗೂಗಲ್‌ನವರು ಸುಮಾರು 2008ರಲ್ಲಿ ತಮ್ಮದೇ ಮ್ಯಾನೇಜರ್‌ಗಳನ್ನು ಜಾಲಾಡಿ, ಒಳ್ಳೆಯ ಮ್ಯಾನೇಜರ್‌ಗೆ ಬೇಕಾದ ಎಂಟು ಗುಣ ಪಟ್ಟಿಮಾಡಿದರು. ತಾಂತ್ರಿಕ ಜ್ಞಾನ ಎಂಟನೆಯದಾಗಿತ್ತು. ಆ ಪಟ್ಟಿಯನ್ನು ತೋರಿಸದ ತರಬೇತುದಾರ ನನಗಂತೂ ಸಿಕ್ಕಿಲ್ಲ, ಅದರಂತೆ ನಡೆದ ಮ್ಯಾನೇಜರ್ ಸಿಕ್ಕಿದ್ದು ಅಪರೂಪ.

ಹಳೆಯ ಸೂಪರ್‌ವೈಸರ್

ಕೋಡುಗಾರರೇ, ನಿಮ್ಮ ಲೋಕದ ಮಾತು ಬೇರೆ. ಇಲ್ಲಿ ಚೆಂದವಾಗಿ ಮಾತಾಡುವ ಪ್ರಶ್ನೆಯೇ ಇಲ್ಲ, ಬಾಯಿ ತೆರೆಯುವುದೇ ಪ್ರಶ್ನೆ. ನಾನು ಹೆಲ್ಪರ್ ಆಗಿ ಸೇರಿ, ಟೈಲರ್ ಆಗಿ, ಆಮೇಲೆ ಸೂಪರ್‌ವೈಸರ್ ಆದವಳು. ಲೈನಿನ ಒಳಗೆ ಏನಾಗುತ್ತದೆ ಹೇಳುತ್ತೇನೆ, ಜಾಬ್‌ವರ್ಕ್ ಸರ್‌ಗೆ ಗೊತ್ತಿರುವುದೇ.

ಕಾಲರ್ ಕೂರಿಸುವ ಹುಡುಗಿಯ ಮಷೀನ್‌ನಲ್ಲಿ ದಾರದ ಟೆನ್ಷನ್ ಸಡಿಲವಾಗಿದೆ. ಮೇಲಿನಿಂದ ನೋಡಿದರೆ ಹೊಲಿಗೆ ಸರಿಯಾಗಿಯೇ ಇದೆ, ಕೆಳಗಡೆ ದಾರ ಕುಣಿಕೆ ಕುಣಿಕೆಯಾಗಿ ನಿಂತಿದೆ. ಅವಳಿಗೆ ಅದು ಮೂರನೆಯ ಪೀಸಿಗೇ ಗೊತ್ತಾಗುತ್ತದೆ, ಬೆರಳಿಗೇ ತಿಳಿಯುತ್ತದೆ. ಮೆಕ್ಯಾನಿಕ್‌ನನ್ನು ಕರೆಯಬೇಕೆಂದರೆ ಸೂಪರ್‌ವೈಸರ್‌ಗೆ ಹೇಳಬೇಕು. ಹೋದ ಸಲ ಹೇಳಿದಾಗ "ನಿನಗೊಬ್ಬಳಿಗೇ ಯಾಕಮ್ಮ ದಿನಾ ಮಷೀನ್ ಕೆಡುತ್ತದೆ" ಎಂದು ಎಲ್ಲರೆದುರು ಕೇಳಿಸಿಕೊಂಡಿದ್ದಾಳೆ. ಬೋರ್ಡಿನಲ್ಲಿ ಗಂಟೆಗಂಟೆಗೆ ಟಾರ್ಗೆಟ್ ಬರೆಯುತ್ತಿದ್ದಾರೆ. ಅವಳು ತಲೆ ಬಗ್ಗಿಸಿ ಹೊಲಿಯುತ್ತಾಳೆ. ಬಂಡಲ್ ಮೇಲೆ ಬಂಡಲ್ ಮುಂದಕ್ಕೆ ಹೋಗುತ್ತದೆ. ತೋಳು ಕೂಡುತ್ತದೆ, ಸೈಡ್ ಕೂಡುತ್ತದೆ, ಕಫ್ ಕೂಡುತ್ತದೆ. ಊಟದ ಬೆಲ್ ಹೊತ್ತಿಗೆ ಲೈನಿನ ತುದಿಯಲ್ಲಿ ಚೆಕ್ಕರ್ ಒಂದು ಕಾಲರ್ ಮಗುಚಿ ನೋಡುತ್ತಾಳೆ. ಆಗ ಶುರುವಾಗುತ್ತದೆ ಆಲ್ಟರ್, ಅಂದರೆ ಬಿಚ್ಚಿ ಮತ್ತೆ ಹೊಲಿಯುವುದು. ಹೊಲಿದ ಶರ್ಟಿನ ಕಾಲರ್ ಬಿಚ್ಚುವುದಕ್ಕೆ ಹೊಲಿಯುವುದಕ್ಕಿಂತ ಹೆಚ್ಚು ಹೊತ್ತು ಬೇಕು. ಬಿಚ್ಚುವಾಗ ಬಟ್ಟೆ ಹರಿದರೆ ಹೊಸ ಪ್ಯಾನೆಲ್, ಆ ಷೇಡ್ ಸಿಗದಿದ್ದರೆ ಪೀಸೇ ರಿಜೆಕ್ಟ್. ಅವಳು ಸುಮ್ಮನಿದ್ದದ್ದಕ್ಕೆ ಅರ್ಧ ಲೈನ್ ಸಂಜೆವರೆಗೂ ದಾರ ಕೀಳುತ್ತಾ ಕೂರುತ್ತದೆ.

ರಜೆಯೂ ಹಾಗೆಯೇ. ನಾಳೆ ಮಗುವಿಗೆ ಲಸಿಕೆ ಹಾಕಿಸಬೇಕು ಎಂದು ಇವತ್ತೇ ಹೇಳಿದರೆ ನಾನು ಬೇರೊಬ್ಬ ಟೈಲರನ್ನು ಹೊಂದಿಸಿಕೊಳ್ಳುತ್ತೇನೆ. ಹೇಳಿದರೆ ಬೈಗುಳ, ಹೇಳದೆ ಉಳಿದರೂ ಅಷ್ಟೇ ಬೈಗುಳ ಎಂದಾದರೆ ಯಾರು ಹೇಳುತ್ತಾರೆ? ಬೆಳಿಗ್ಗೆ ಒಂಬತ್ತು ಗಂಟೆಗೆ ಖಾಲಿ ಮಷೀನ್ ನೋಡಿದಾಗಲೇ ಗೊತ್ತಾಗುವುದು.

ಹಾಗಾಗಿ ಶೇ 13 ಎಂದರೆ ನನಗೆ ಆಶ್ಚರ್ಯವಿಲ್ಲ. ಆದರೆ ನನ್ನ ಪ್ರಶ್ನೆ ಬೇರೆ. ಟೈಲರ್‌ಗೆ ಮಾತಾಡಲು ಕಲಿಸಿ, ಸೂಪರ್‌ವೈಸರ್‌ಗೆ ಕೇಳಲು ಕಲಿಸದಿದ್ದರೆ ಏನು ಪ್ರಯೋಜನ?

ಸಂಘದ ಕೆಲಸ

ಅಕ್ಕ ಸರಿಯಾಗಿ ಹೇಳಿದರು. ಐಇ ಅವರೇ, ನೀವು ಆ ಪ್ರಬಂಧದ ಒಂದು ಅಂಕಿ ಬಿಟ್ಟಿದ್ದೀರಿ. ಶೇ 13.5 ಹೆಚ್ಚು ಕೆಲಸ ಮಾಡಿದ ಹೆಂಗಸರ ಸಂಬಳ ಎಷ್ಟು ಹೆಚ್ಚಿತು? ಶೇ 0.5. ಅರ್ಧ ಪರ್ಸೆಂಟ್! ಕೌಶಲ ಅವಳದ್ದು, ಬೆವರು ಅವಳದ್ದು, 250 ಪರ್ಸೆಂಟ್ ಯಾರದ್ದು?

ಇನ್ನೊಂದು. ಇದೇ ಕಂಪನಿಯ ಬೆಂಗಳೂರಿನ ಒಂದು ಘಟಕದಲ್ಲಿ 2018ರಲ್ಲಿ ಸಂಬಳ ಹೆಚ್ಚಿಸಿ ಎಂದು ಅರ್ಜಿ ಕೊಟ್ಟ ಕಾರ್ಮಿಕರ ಮೇಲೆ ಹಲ್ಲೆ ನಡೆಯಿತೆಂದು ಕಾರ್ಮಿಕರ ಹಕ್ಕುಗಳ ನಿಗಾ ಸಂಸ್ಥೆ ವರ್ಕರ್ ರೈಟ್ಸ್ ಕನ್ಸಾರ್ಟಿಯಂ ವರದಿ ಮಾಡಿತು. ಕೆಲಸದಿಂದ ಹೊರಗಿಟ್ಟವರನ್ನು ಕಂಪನಿ ಕೊನೆಗೆ ವಾಪಸ್ ಸೇರಿಸಿಕೊಳ್ಳಬೇಕಾಯಿತು. ಮಷೀನ್ ಕೆಟ್ಟಿದೆ ಎಂದು ಹೇಳುವ ಧೈರ್ಯ ಬೇಕು, ಸಂಬಳ ಸಾಲದು ಎಂದು ಹೇಳುವ ಧೈರ್ಯ ಬೇಡ ಎಂದರೆ ಹೇಗೆ? ಬಾಯಿ ಒಂದೇ ಅಲ್ಲವೇ?

ಐಇ ವಿಭಾಗ

ಬಿಟ್ಟಿದ್ದಲ್ಲ, ಪೀಸಿನ ಲೆಕ್ಕ ಕೇಳಿದ್ದರು, ಅದನ್ನಷ್ಟೇ ಹೇಳಿದೆ. ನಿಮ್ಮ ಅಂಕಿ ಸರಿ. ಸಂಬಳ ಏಕೆ ಏರಲಿಲ್ಲ ಎಂದು ಆ ಸಂಶೋಧಕರೂ ಕೇಳಿಕೊಂಡಿದ್ದಾರೆ. ಹೊಲಿಗೆ ಬರುತ್ತದೆಯೇ ಎಂದು ತಿಳಿಯಲು ಗೇಟಿನ ಹತ್ತಿರ ಒಂದು ಪೀಸ್ ಹೊಲಿಸಿ ನೋಡುತ್ತಾರೆ. ಲೈನಿನ ತೊಂದರೆಯನ್ನು ಸಮಯಕ್ಕೆ ಸರಿಯಾಗಿ ಹೇಳುವ ಗುಣ ಇದೆಯೇ ಎಂದು ಯಾವ ಗೇಟಿನಲ್ಲಿ ನೋಡುತ್ತಾರೆ? ಪಕ್ಕದ ಕಾರ್ಖಾನೆಗೆ ಅದು ಕಾಣುವುದಿಲ್ಲ, ಹಾಗಾಗಿ ಅದಕ್ಕೆ ಹೆಚ್ಚು ಕೊಟ್ಟು ಕರೆಯುವುದೂ ಇಲ್ಲ. ಪೈಪೋಟಿ ಇಲ್ಲದಿದ್ದರೆ ಇದ್ದ ಕಂಪನಿ ಸಂಬಳ ಏರಿಸಬೇಕಾದ ಒತ್ತಡವೂ ಇಲ್ಲ. ಇದು ಸಮರ್ಥನೆಯಲ್ಲ, ಕಾರಣ.

ದೊಡ್ಡಬಳ್ಳಾಪುರ ಜಾಬ್‌ವರ್ಕ್

ಲೆಕ್ಕಕ್ಕೆ ಧನ್ಯವಾದ. ನನಗೆ ಇನ್ನೊಂದು ಭಯ. ನಾನು ಖರ್ಚು ಮಾಡಿ ಕಲಿಸುತ್ತೇನೆ, ಅವರು ಎದುರಿನ ಫ್ಯಾಕ್ಟರಿ ಐವತ್ತು ರೂಪಾಯಿ ಹೆಚ್ಚು ಕೊಟ್ಟರೆ ಎದ್ದು ಹೋಗುತ್ತಾರೆ. ನಮ್ಮ ಕಡೆ ಹಬ್ಬಕ್ಕೆ ಊರಿಗೆ ಹೋದವರು ಮರಳುವುದೇ ಗ್ಯಾರಂಟಿ ಇಲ್ಲ. ದೊಡ್ಡವರಿಗೆ ತಡೆಯುತ್ತದೆ, ನಮಗೆ ಲೈನೇ ನಿಲ್ಲುತ್ತದೆ.

ಐಇ ವಿಭಾಗ

ತರಬೇತಿ ಪಡೆದವರು ಪಡೆಯದವರಿಗಿಂತ ಹೆಚ್ಚಾಗಿ ಬಿಟ್ಟು ಹೋದದ್ದು ಆ ಪ್ರಯೋಗದಲ್ಲಿ ಕಾಣಲಿಲ್ಲ. ಬಿಟ್ಟು ಹೋಗುವುದರ ಬಗ್ಗೆಯೇ ಇನ್ನೊಂದು ಪ್ರಯೋಗವಿದೆ, ಅದೂ ಭಾರತದ ಗಾರ್ಮೆಂಟ್ ಕಾರ್ಖಾನೆಗಳದ್ದು, ಇದೇ ಬಳಗದವರದು. ಸಂಬಳ ಏರಿಕೆ ನಿರೀಕ್ಷೆಗಿಂತ ಕಡಿಮೆಯಾಗಿ ಎಲ್ಲರಿಗೂ ಬೇಸರವಾಗಿತ್ತು. ಆ ಹೊತ್ತಿನಲ್ಲಿ ಕೆಲವರನ್ನು ಚೀಟಿ ಎತ್ತಿ ಆರಿಸಿ, ಹೆಸರು ಬರೆಯದೆ ತಮ್ಮ ಅಭಿಪ್ರಾಯ ಹೇಳಲು ಬಿಟ್ಟರು. ಕೆಲಸ ಹೇಗಿದೆ, ಸೂಪರ್‌ವೈಸರ್ ಹೇಗೆ, ನಿಮಗೆ ತೃಪ್ತಿ ಇದೆಯೇ, ಇಷ್ಟೇ. ಕೆಲಸ ಬಿಡುವುದು ಅವರಲ್ಲಿ ಸುಮಾರು ಶೇ 20ರಷ್ಟು ಕಡಿಮೆಯಾಯಿತು. ಹೆಚ್ಚು ಬೇಸರಗೊಂಡವರಲ್ಲೇ ಹೆಚ್ಚು ಪರಿಣಾಮ. ಇದಕ್ಕೆ ಬಾರ್‌ಟ್ಯಾಕ್ ಮಾರಬೇಕಾಗಿಲ್ಲ.

ಸಂಘದ ಕೆಲಸ

ಅಂದರೆ ಸಂಬಳ ಕೊಡದೆ ಸಮಾಧಾನಪಡಿಸುವ ಅಗ್ಗದ ದಾರಿಯನ್ನೂ ಸಂಶೋಧಕರು ಕಂಡುಹಿಡಿದುಕೊಟ್ಟರು ಎನ್ನಿ. ಒಂದು ಸಲ ಕೇಳಿ, ಏನೂ ಮಾಡದಿದ್ದರೆ ಎರಡನೆಯ ಸಲ ಯಾರೂ ಬರೆಯುವುದಿಲ್ಲ. 2016ರ ಏಪ್ರಿಲ್ ನೆನಪಿಸಿಕೊಳ್ಳಿ. ಪಿಎಫ್ ಹಣ ತೆಗೆಯುವ ನಿಯಮವನ್ನು ಕೇಂದ್ರ ಬದಲಾಯಿಸಿತು. ಮಾಲೀಕರ ಪಾಲಿನ ಹಣ 58 ವರ್ಷದವರೆಗೆ ಕೈಗೆ ಸಿಗದು ಎಂಬ ಸುದ್ದಿ ಲೈನಿನಿಂದ ಲೈನಿಗೆ ಹಬ್ಬಿತು. ಯಾವ ಸಂಘವೂ ಕರೆ ಕೊಟ್ಟಿರಲಿಲ್ಲ. ಸಾವಿರಾರು ಹೆಂಗಸರು ಹೊಸೂರು ರಸ್ತೆಗೆ ಇಳಿದರು, ನಗರ ನಿಂತುಹೋಯಿತು, ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಬಾಯಿಲ್ಲದವರು ಎಂದುಕೊಂಡಿದ್ದವರೇ ಅವರು.

ಮಾಲೂರಿನವ

ಕೋಲಾರದ ಹತ್ತಿರದ ನರಸಾಪುರದ ಕಥೆ ಇಲ್ಲಿ ಬರಲೇಬೇಕು. ನಮ್ಮ ಊರಿನ ಎಷ್ಟೋ ಹುಡುಗರು ಅಲ್ಲಿದ್ದರು. 2020ರ ಡಿಸೆಂಬರ್ 12ರ ಬೆಳಿಗ್ಗೆ ವಿಸ್ಟ್ರಾನ್ ಐಫೋನ್ ಕಾರ್ಖಾನೆಯಲ್ಲಿ ಗಾಜು ಒಡೆದು, ವಾಹನ ಮಗುಚಿ ಹಾಕಿದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದರು. ಅದಕ್ಕೆ ಮೊದಲು ಏನಾಗಿತ್ತು ಎಂಬುದು ಕಾರ್ಖಾನೆಗಳ ಇಲಾಖೆಯ ವರದಿಯಲ್ಲಿದೆ. 5,000 ಜನರಿಗೆ ಅನುಮತಿ ಇದ್ದ ಜಾಗದಲ್ಲಿ ಕೆಲವೇ ತಿಂಗಳಲ್ಲಿ 10,500 ಜನ ಆದರು. ಹಾಜರಾತಿ ಯಂತ್ರ ಅಕ್ಟೋಬರ್‌ನಿಂದ ಸರಿಯಿರಲಿಲ್ಲ. ಮಾಡಿದ ಕೆಲಸ ಲೆಕ್ಕಕ್ಕೆ ಸಿಗದೆ ಸಂಬಳದಲ್ಲಿ ಕಡಿತವಾಗುತ್ತಿತ್ತು. ಇಷ್ಟು ಜನರನ್ನು ನೋಡಿಕೊಳ್ಳಲು, ಕಾರ್ಮಿಕ ಕಾನೂನು ತಿಳಿದವರಿರುವ ಸರಿಯಾದ ಎಚ್‌ಆರ್ ವಿಭಾಗವೇ ಅಲ್ಲಿರಲಿಲ್ಲ.

ಹುಡುಗರು ಎಚ್‌ಆರ್‌ಗೆ ಹೇಳಿದರೆ ಗುತ್ತಿಗೆ ಏಜೆನ್ಸಿಗೆ ಹೋಗಿ ಅನ್ನುತ್ತಿದ್ದರಂತೆ, ಏಜೆನ್ಸಿಗೆ ಹೋದರೆ ಕಂಪನಿಯನ್ನು ಕೇಳಿ ಎಂಬ ಉತ್ತರ. ನಮ್ಮ ಊರಿನವರ ಬಾಯಲ್ಲಿ ಕೇಳಿದ್ದು ಇದು. ಒಡೆದು ಹಾಕಿದ್ದು ಸರಿ ಎನ್ನುತ್ತಿಲ್ಲ. ಕೇಸು ಮೈಮೇಲೆ ಬಿದ್ದು ಅಲೆದವರೂ ನಮ್ಮವರೇ. ಆದರೆ ಕಂಪನಿಗೆ ಆದ ನಷ್ಟ ನೋಡಿ. ಆ್ಯಪಲ್ ವಿಸ್ಟ್ರಾನ್ ಅನ್ನು ನಿಗಾದಲ್ಲಿಟ್ಟಿತು, ಸರಿಪಡಿಸುವವರೆಗೂ ಹೊಸ ಕೆಲಸ ಇಲ್ಲ ಎಂದಿತು. ವಿಸ್ಟ್ರಾನ್ ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. 2023ರಲ್ಲಿ ಕಾರ್ಖಾನೆಯನ್ನೇ ಟಾಟಾ ಕೊಂಡಿತು. ಮಾರಾಟಕ್ಕೆ ಬೇರೆ ಕಾರಣಗಳೂ ಇದ್ದಿರಬಹುದು, ಆದರೆ ಆ ಡಿಸೆಂಬರ್‌ನ ಪೆಟ್ಟಿಗೆ ಕಾರಣ ಮೆಷಿನರಿಯಲ್ಲಿ ಇರಲಿಲ್ಲ. ಎರಡು ತಿಂಗಳ ಕಾಲ ದೂರು ಕೇಳಿಸಿಕೊಳ್ಳುವವರು ಇರಲಿಲ್ಲ, ಅಷ್ಟೇ.

ಬಿಡದಿ ಶಿಫ್ಟ್

ಒಂದು ಸೇರಿಸುತ್ತೇನೆ. ಟೊಯೋಟಾ ಪದ್ಧತಿಯಲ್ಲಿ ಲೈನಿನ ಕಾರ್ಮಿಕ ಹಗ್ಗ ಎಳೆದರೆ ದೀಪ ಹತ್ತುತ್ತದೆ, ಟೀಮ್ ಲೀಡರ್ ಓಡಿ ಬರುತ್ತಾನೆ. ತೊಂದರೆ ಬಗೆಹರಿಯದಿದ್ದರೆ ಲೈನೇ ನಿಲ್ಲುತ್ತದೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್ 1982ರಲ್ಲಿ ಮುಚ್ಚಿದ ಕಾರ್ಖಾನೆಯನ್ನು 1984ರಲ್ಲಿ ಟೊಯೋಟಾ ಜೊತೆ ಸೇರಿ ತೆರೆದರು. ಹೆಚ್ಚಿನವರು ಅದೇ ಹಳೆಯ ಕಾರ್ಮಿಕರು, ಅದೇ ಸಂಘ. ಶೇ 20ರ ಹತ್ತಿರವಿದ್ದ ಗೈರುಹಾಜರಿ ಶೇ 2ರ ಆಸುಪಾಸಿಗೆ ಇಳಿಯಿತು. ಹಾಗೆಂದು ಹಗ್ಗ ಕಟ್ಟಿದರೆ ಎಲ್ಲಾ ಆಯಿತು ಎಂದುಕೊಳ್ಳಬೇಡಿ. ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ 2020ರ ನವೆಂಬರ್‌ನಲ್ಲಿ ಕೆಲಸದ ಒತ್ತಡ, ಅಮಾನತು ಎಂದು ಶುರುವಾದ ಜಗಳ ಲಾಕೌಟ್‌ಗೆ ಹೋಗಿ, 2021ರವರೆಗೂ ಎಳೆಯಿತು. ಹಗ್ಗ ಅಲ್ಲೂ ಇತ್ತು.

ಲೆಕ್ಕಪತ್ರ

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಜಾಬ್‌ವರ್ಕ್ ಅವರಿಗೆ ಎರಡು ತಕರಾರು ಹೇಳಬೇಕು. ಮೊದಲನೆಯದು, ಎಂಬತ್ತು ಗಂಟೆಯ ತರಬೇತಿಯ ಅಂಕಿ ತೋರಿಸಿ ಎರಡು ದಿನದ ಬಲೂನ್ ಆಟ ಮಾರುವುದು ಮೋಸ. ಎರಡನೆಯದು, ಎಲ್ಲವನ್ನೂ ಮಾತಿನ ಖಾತೆಗೆ ಹಾಕಬೇಡಿ. ಮುಂಬೈ ಹತ್ತಿರದ ತಾರಾಪುರ, ಉಂಬರ್‌ಗಾಂವ್ ಕಡೆಯ ನೇಯ್ಗೆ ಕಾರ್ಖಾನೆಗಳಲ್ಲಿ ನಿಕೊಲಸ್ ಬ್ಲೂಮ್ ಬಳಗ ಮಾಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅಲ್ಲಿ ಕಲಿಸಿದ್ದು ಸಂವಹನವನ್ನಲ್ಲ. ನೂಲನ್ನು ಗೋದಾಮಿನಲ್ಲಿ ಒಪ್ಪವಾಗಿ ಜೋಡಿಸಿ, ದೋಷಗಳನ್ನು ದಿನವೂ ಬರೆದಿಡಿ, ಮಷೀನ್ ಕೆಡುವ ಮೊದಲೇ ನೋಡಿಕೊಳ್ಳಿ. ಮೊದಲ ವರ್ಷವೇ ಉತ್ಪಾದಕತೆ ಶೇ 17 ಏರಿತು. ನಗುಮುಖದ ಸೂಪರ್‌ವೈಸರ್ ಇದ್ದು, ದೋಷದ ಪುಸ್ತಕ ಇಲ್ಲದಿದ್ದರೆ ನಗು ಮಾತ್ರ ಉಳಿಯುತ್ತದೆ.

ಹಳೆಯ ಸೂಪರ್‌ವೈಸರ್

ಲೆಕ್ಕಪತ್ರದವರೇ, ದೋಷದ ಪುಸ್ತಕದಲ್ಲಿ ದೋಷ ಬರೆಯುವವಳು ಯಾರು? ಬೈಸಿಕೊಳ್ಳುವವಳೇ. ನಾನು ಕೆಲಸ ಮಾಡಿದ ಒಂದು ಕಡೆ ಆ ಪುಸ್ತಕ ಇತ್ತು, ಬಹಳ ಚೆನ್ನಾಗಿಯೂ ಇತ್ತು, ದಿನವೂ ಒಂದೇ ಅಂಕಿ. ಇನ್‌ಚಾರ್ಜ್‌ಗೆ ಎಷ್ಟು ಇಷ್ಟವೋ ಅಷ್ಟು ಬರೆಯುತ್ತಿದ್ದರು. ಪುಸ್ತಕ ಬೇಡ ಎನ್ನುತ್ತಿಲ್ಲ, ಅದರಲ್ಲಿ ನಿಜ ಬರೆದರೆ ಏನಾಗುತ್ತದೆ ಎಂಬುದು ಮೊದಲು ತೀರ್ಮಾನವಾಗಲಿ.

ಇನ್ನೊಂದು ವಿಷಯವನ್ನು ಇಲ್ಲಿ ಯಾರೂ ಎತ್ತಲಿಲ್ಲ. ಈಗ ಲೈನಿನಲ್ಲಿ ಕನ್ನಡದ ಹೆಂಗಸರಷ್ಟೇ ಇಲ್ಲ. ಒಡಿಶಾ, ಜಾರ್ಖಂಡ್, ಅಸ್ಸಾಂನಿಂದ ಬಂದ ಹುಡುಗಿಯರು ಹಾಸ್ಟೆಲಿನಲ್ಲಿ ಇದ್ದುಕೊಂಡು ದುಡಿಯುತ್ತಾರೆ. ನಮ್ಮವರು ಅವರ ಜೊತೆ ಕೈಸನ್ನೆಯಲ್ಲಿ ಕೆಲಸ ನಡೆಸುತ್ತಾರೆ. ಆ ಹುಡುಗಿಯರು ಏನು ಬೈದರೂ ತಲೆಯಾಡಿಸುತ್ತಾರೆ; ಅರ್ಥವಾಯಿತೋ ಇಲ್ಲವೋ ತಿಳಿಯುವುದು ತಪ್ಪಾದ ಪೀಸ್ ಬಂದ ಮೇಲೆಯೇ. ಹೊಲಿಯುವವರಲ್ಲಿ ಹೆಚ್ಚಿನವರು ಹೆಂಗಸರು, ಸೂಪರ್‌ವೈಸರ್‌ಗಳಲ್ಲಿ ಹೆಚ್ಚಿನವರು ಗಂಡಸರು. ಹೊಟ್ಟೆನೋವು ಎಂದು ಯಾವ ಭಾಷೆಯಲ್ಲಿ, ಯಾರ ಹತ್ತಿರ ಹೇಳಬೇಕು? ನನ್ನ ಲೈನಿನಲ್ಲಿ ಹಿಂದಿ ಬರುವ ಒಬ್ಬ ಬೀದರಿನ ಟೈಲರ್ ಇದ್ದಳು. ಅವಳನ್ನು ಬಟನ್ ಸೆಕ್ಷನ್‌ನಿಂದ ಎತ್ತಿ ಆ ಹುಡುಗಿಯರ ಪಕ್ಕಕ್ಕೆ ಕೂರಿಸಿದೆ. ಅಷ್ಟಕ್ಕೇ ಆಲ್ಟರ್ ಇಳಿಯಿತು. ಅವಳ ಸಂಬಳ ಮಾತ್ರ ಇದ್ದಲ್ಲೇ ಇತ್ತು, ಸಂಘದವರು ಹೇಳಿದಂತೆ.

ಐಇ ವಿಭಾಗ

ಅಕ್ಕನ ಮಾತಿಗೆ ಆಧಾರವೂ ಇದೆ. ಹೊಸ ಸ್ಟೈಲ್ ಬಂದಾಗ ಲೈನ್ ಎಷ್ಟು ಬೇಗ ಕೈಗೂಡಿಸಿಕೊಳ್ಳುತ್ತದೆ ಎಂಬುದನ್ನು ಇದೇ ಬಳಗ ಸೂಪರ್‌ವೈಸರ್‌ಗಳ ಗುಣಗಳ ಜೊತೆ ಹೋಲಿಸಿ ನೋಡಿತು. ಲೈನಿನ ಕಡೆ ಅವರು ಕೊಡುವ ಗಮನ ದೊಡ್ಡ ವ್ಯತ್ಯಾಸ ಮಾಡುತ್ತದೆ. ಆದರೆ ಆ ಗುಣಕ್ಕೆ ತಕ್ಕಂತೆ ಸಂಬಳ ಸಿಗುವುದಿಲ್ಲ ಎಂಬುದೂ ಅಲ್ಲೇ ಕಂಡಿತು. ಕಾರ್ಖಾನೆಗೆ ಯಾವುದರಿಂದ ಲಾಭ ಎಂಬುದು ಕಾರ್ಖಾನೆಗೇ ಗೊತ್ತಿಲ್ಲ.

ದೊಡ್ಡಬಳ್ಳಾಪುರ ಜಾಬ್‌ವರ್ಕ್

ಎಲ್ಲವನ್ನೂ ಮನೆಯಾಕೆಗೂ ಓದಿ ಹೇಳಿದೆ, ಸಂಬಳದ ಪುಸ್ತಕ ಅವಳೇ ನೋಡುವುದು. ಕಾರ್ಯಾಗಾರದವರಿಗೆ ಬೇಡ ಎಂದಿದ್ದೇನೆ. ಶನಿವಾರ ಊಟದ ನಂತರ ಅರ್ಧ ಗಂಟೆ ಲೈನ್ ನಿಲ್ಲಿಸಿ, ಮೊದಲು ಮೂವರು ಸೂಪರ್‌ವೈಸರ್‌ಗಳ ಜೊತೆ ಶುರುಮಾಡೋಣ ಎಂದಿದ್ದೇನೆ, ಟೈಲರ್‌ಗಳು ಆಮೇಲೆ. ಅರ್ಧ ಗಂಟೆಯ ಪೀಸ್ ಹೋಗುತ್ತದೆ, ಗೊತ್ತು. ಬಂಡಲ್ ಕೆಟ್ಟಿದ್ದನ್ನು ಮೊದಲೇ ಹೇಳಿದವರಿಗೆ ಆ ದಿನದ ಟಾರ್ಗೆಟ್‌ನಲ್ಲಿ ವಿನಾಯಿತಿ ಕೊಡಬಹುದೇ ಎಂದೂ ಯೋಚಿಸುತ್ತಿದ್ದೇನೆ. ಸಂಘದವರಿಗೆ ಹೇಳುವುದಾದರೆ, ಶೇ 13 ನನಗೆ ನಿಜವಾಗಿಯೂ ಬಂದರೆ ಅದರಲ್ಲಿ ಮೂರನೆಯ ಒಂದು ಭಾಗವನ್ನು ಇನ್ಸೆಂಟಿವ್ ಆಗಿ ಹಂಚುವುದಕ್ಕೆ ಸಿದ್ಧ. ಬರೆದೇ ಕೊಡುತ್ತೇನೆ.

ಸಂಘದ ಕೆಲಸ

ಅರ್ಧ ಎನ್ನಿ, ಮಾತಾಡೋಣ. ಬರೆದದ್ದನ್ನು ನೋಟಿಸ್ ಬೋರ್ಡಿಗೆ ಹಾಕಿ, ಹಿಂದಿಯಲ್ಲೂ ಹಾಕಿ. ಯಾವ ತಿಂಗಳ ಎಫಿಷಿಯೆನ್ಸಿಗೆ ಹೋಲಿಸುತ್ತೀರಿ ಎಂಬುದನ್ನು ಈಗಲೇ ಬರೆಯಿರಿ. ಆಮೇಲೆ "ಸ್ಟೈಲ್ ಬದಲಾಯಿತು, ಹೋಲಿಕೆ ಆಗದು" ಎನ್ನುವುದು ನಮಗೆ ಹೊಸದಲ್ಲ.

ಹಳೆಯ ಸೂಪರ್‌ವೈಸರ್

ಸರ್, ಮೊದಲ ನಾಲ್ಕೈದು ಶನಿವಾರ ಬೇಕಿದ್ದರೆ ನಾನು ಬರುತ್ತೇನೆ, ಬಸ್ ಚಾರ್ಜ್ ಮತ್ತು ಅರ್ಧ ದಿನದ ಕೂಲಿ ಕೊಟ್ಟರೆ ಸಾಕು. ಬಲೂನ್ ಬೇಡ. ಈ ವಾರ ಬಿದ್ದ ಆಲ್ಟರ್ ಪೀಸ್‌ಗಳನ್ನು ಬಿಚ್ಚದೆ ಒಂದು ಚೀಲದಲ್ಲಿ ತೆಗೆದಿಡಿ, ಯಾವ ಲೈನ್, ಎಷ್ಟು ಗಂಟೆಗೆ ಎಂದು ಸ್ಟಿಕ್ಕರ್ ಹಚ್ಚಿ. ಹೊಲಿದವರ ಹೆಸರು ಮಾತ್ರ ಹಾಕಬೇಡಿ.